ಗುಂಯ್ ಎನ್ನುವ ಹನ್ನೆರಡು ನಿಮಿಷ

ನಮ್ಮ ಕಂಪ್ಯೂಟರ್ ಕಣ್ಣು ಮುಚ್ಚಿದರೆ ಮಗಳು ಕಣ್ಣು ಮುಚ್ಚುವುದು ಹೇಗೆ ಎನ್ನುವುದು ಮೂರು ವಾರಗಳಿಂದ ನನ್ನನ್ನು ಕೊರೆಯುತ್ತಿದ್ದ ಚಿಂತೆ. ನಗಬೇಡಿ. ನಮ್ಮ ಯಜಮಾನರು ಒಮ್ಮೆ ನಕ್ಕು, ಎರಡು ದಿನ ತಾವೇ ಚಹಾ ಮಾಡಿಕೊಂಡಿದ್ದಾರೆ.

ಶಾಲಾ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. (ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದುದಕ್ಕೆ ಹೊರಗೆ ಸಂಬಳ ಕೊಡುತ್ತಾರೆ ಎಂದು ಇವರ ವ್ಯಾಖ್ಯಾನ.) ಎರಡು ವರ್ಷದ ಪುಟ್ಟಿ ಮಧ್ಯಾಹ್ನ ಮಲಗಿದರೆ ನನ್ನ ಕಚೇರಿ ತೆರೆಯುತ್ತದೆ, ಎದ್ದರೆ ಮುಚ್ಚುತ್ತದೆ. ಮಂಚದ ಪಕ್ಕದ ಮೇಜಿನ ಮೇಲಿರುವ ಕಂಪ್ಯೂಟರ್ ನಮ್ಮ ಮದುವೆಗಿಂತ ಹಳೆಯದು. ಗುಂಡಿ ಒತ್ತಿದರೆ ಅದರ ಫ್ಯಾನು ಗುಂಯ್ ಎಂದು ನರಳತೊಡಗಿ, ಪರದೆ ಪೂರ್ತಿ ಬೆಳಗಲು ಹನ್ನೆರಡು ನಿಮಿಷ. ಅಷ್ಟು ಹೊತ್ತು ಬೇರೇನೂ ಮಾಡಲು ತೋಚದೆ ನಾನು ಪುಟ್ಟಿಯ ಪಕ್ಕ ಒರಗಿರುತ್ತಿದ್ದೆ. ಅದು ಎಚ್ಚರವಾಗುವ ಹೊತ್ತಿಗೆ ಇವಳಿಗೆ ನಿದ್ದೆ. "ಅಮ್ಮಾ, ಗುಂಯ್ ಹಾಕು" ಎನ್ನುವುದು ಅವಳ ನಿತ್ಯದ ಅಪ್ಪಣೆ.

ಹೀಗಿರುವಾಗ ಒಂದು ದಿನ ಆ ಯಂತ್ರ ನಾನು ತಿದ್ದಿದ ಇಡೀ ಪಾಠವನ್ನು ನುಂಗಿ ನೀರು ಕುಡಿಯಿತು. ಸಂಪಾದಕರು ಶಾಂತವಾಗಿಯೇ ಹೇಳಿದರು, "ನಾಲ್ಕು ಗಂಟೆಗೆ ಹಾಳೆ ಬರಬೇಕಮ್ಮಾ. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ನೋಡ್ತೀನಿ."

"ಹೊಸದೇ ತಗೊಂಡುಬಿಡೋಣ," ಎಂದರು ಇವರು. "ಈಗಿನವು ಸದ್ದೇ ಮಾಡಲ್ಲ."

"ಅದೇ ಅಲ್ವೇನ್ರೀ ತೊಂದರೆ. ಸದ್ದಿಲ್ಲದಿದ್ರೆ ಮಗು ಮಲಗಲ್ಲ. ಹಳೇದನ್ನೇ ಸರಿ ಮಾಡಿಸೋಣ."

"ಮೂಗಿಗಿಂತ ಮೂಗುತಿ ಭಾರ ಆಗುತ್ತೆ. ಅದರ ಬದಲು ಸಂಪಾದಕರಿಗೆ ಒಂದು ಫೋನ್ ಮಾಡಿ ಸ್ವಲ್ಪ ಹೆಚ್ಚು ಟೈಮ್ ಕೇಳು."

"ಕೇಳಿದ್ರೆ ಕೆಲಸಾನೇ ಹೋಗುತ್ತೆ."

ಅತ್ತ ದರಿ, ಇತ್ತ ಪುಲಿ, ನಡುವೆ ತೊಟ್ಟಿಲು.

ಕೊನೆಗೆ ರಿಪೇರಿಯವರು ಬಂದರು. ಡಬ್ಬಿ ಬಿಚ್ಚಿ, ಹಣೆ ಒರೆಸಿಕೊಂಡು, "ಅಕ್ಕಾ, ಇದಕ್ಕೆ ಮೆಮೊರಿ ಕಮ್ಮಿ. ಜಾಸ್ತಿ ಹಾಕಬೇಕು. ಡಿಸ್ಕೂ ಬದಲಾಯಿಸಬೇಕು," ಎಂದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು, "ಮನುಷ್ಯರಿಗೂ ಹಾಕ್ತೀರೇನಪ್ಪಾ? ನನ್ನ ಮಗನಿಗೆ ಬೇಕಿತ್ತು."

ನಾನು ರಿಪೇರಿಯವರಿಗೆ ಒಂದೇ ಷರತ್ತು ಹಾಕಿದೆ. "ಏನು ಬೇಕಾದ್ರೂ ಬದಲಾಯಿಸಿ. ಫ್ಯಾನ್ ಮಾತ್ರ ಮುಟ್ಟಬೇಡಿ. ಧೂಳು ಕೂಡ ಒರೆಸಬೇಡಿ."

ಅವರು ನನ್ನನ್ನೊಮ್ಮೆ, ಇವರನ್ನೊಮ್ಮೆ ನೋಡಿದರು. ಇವರು ಕಿಟಕಿಯಾಚೆ ನೋಡಿದರು.

ಮರುದಿನ ಮಧ್ಯಾಹ್ನ ಗುಂಡಿ ಒತ್ತಿದೆ. ಫ್ಯಾನು ಎಂದಿನಂತೆ ಗುಂಯ್ ಎಂದಿತು. ಹನ್ನೆರಡು ಎಣಿಸುವಷ್ಟರಲ್ಲಿ ಪರದೆ ಬೆಳಗಿತು. ಪುನರ್ಜನ್ಮವೆಂದರೆ ಇದೇ ಎಂದುಕೊಂಡು ಪುಟ್ಟಿಗೆ ಹೊದಿಸಿ, ನೇರವಾಗಿ ಕುರ್ಚಿಯಲ್ಲಿ ಪ್ರತಿಷ್ಠಾಪನೆಗೊಂಡೆ.

"ಅಮ್ಮಾ, ಗುಂಯ್ ಹಾಕು."

"ಹಾಕಿದ್ದೀನಲ್ಲ ಚಿನ್ನಾ, ಕೇಳಿಸ್ತಿಲ್ವಾ?"

"ಇಲ್ಲ. ಗುಂಯ್ ಹಾಕು."

ಅಂದು ಅವಳು ಮಲಗಲಿಲ್ಲ. ಮರುದಿನವೂ ಇಲ್ಲ. ಮಗುವಿನ ಕಿವಿಗೆ ಏನಾಯಿತೋ ಎಂಬ ಹೊಸ ಚಿಂತೆ ಹಳೆಯದರ ಪಕ್ಕ ಬಂದು ಕೂತಿತು. ಬೆನ್ನ ಹಿಂದೆ ತಟ್ಟೆ ಬಡಿದು ಪರೀಕ್ಷಿಸಿದೆ. ಪುಟ್ಟಿ ತಿರುಗಿದಳು, ಅತ್ತೆ ತಿರುಗಿದರು, ಎದುರು ಮನೆಯವರೂ ತಿರುಗಿದರು. ಕಿವಿ ಸರಿಯಿತ್ತು. ಫ್ಯಾನಿನ ರಾಗ ಬದಲಾಗಿದೆಯೆಂದು ಫೋನಿನಲ್ಲೇ ರಿಪೇರಿಯವರ ಜೊತೆ ವಾಗ್ಯುದ್ಧ ಮಾಡಿದೆ. ಎರಡು ದಿನದ ಹಾಳೆಗಳು ಹಾಗೇ ಉಳಿದವು.

ಮೂರನೆಯ ಮಧ್ಯಾಹ್ನ ಸೋತು ಯಂತ್ರ ಆರಿಸಿ, ಅವಳ ಪಕ್ಕ ಬಿದ್ದುಕೊಂಡೆ. ಬೆನ್ನು ತಟ್ಟುತ್ತ ಸುಮ್ಮನೆ ಸೂರು ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪುಟ್ಟಿ ತನ್ನ ಅಂಗೈಯನ್ನು ನನ್ನ ಗಂಟಲ ಮೇಲಿಟ್ಟು, "ಹಾ, ಗುಂಯ್," ಎಂದು ನೆಮ್ಮದಿಯ ಉಸಿರು ಬಿಟ್ಟಳು.

ಆಗ ನನಗೆ ನನ್ನದೇ ದನಿ ಕೇಳಿಸಿತು. ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ, ರಾಗವೂ ಅಲ್ಲದ ತಾಳವೂ ಇಲ್ಲದ ಒಂದು ಗುಂಯ್. ಇಷ್ಟು ದಿನ ಫ್ಯಾನಿನ ಜೊತೆ ಶ್ರುತಿ ಹಿಡಿದು ನಾನೇ ಗುನುಗುತ್ತಿದ್ದೆ. ಊರಿನವರ ತಪ್ಪೆಲ್ಲ ಹುಡುಕುವ ನನಗೆ ಅದೊಂದು ಸಿಕ್ಕಿರಲಿಲ್ಲ.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ನಾನು ಕೇಳಿದೆ, "ನಿಮಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿತ್ತಮ್ಮಾ. ಫ್ಯಾನ್ ಅಂದ್ರೆ ನೀನೇ ಅಂತ ನಿನಗೆ ಹೇಳೋದು ಹೇಗೆ ಅಂತ ಸುಮ್ಮನಿದ್ದೆ."

ನಾನು ಸುಮ್ಮನಾದರೆ ಪುಟ್ಟಿಯ ಕಣ್ಣು ತೆರೆಯುತ್ತಿತ್ತು. ಒಂದು ಕೈಯಲ್ಲಿ ತಟ್ಟುತ್ತಲೇ, ಮೂರು ವಾರದಿಂದ ಮುಂದೂಡಿದ್ದ ಫೋನನ್ನು ಇನ್ನೊಂದು ಕೈಯಲ್ಲಿ ಸಂಪಾದಕರಿಗೆ ಮಾಡಿದೆ. ಮಾತುಗಳ ನಡುವೆ ಗುಂಯ್ ಎನ್ನುತ್ತ.

"ಸಾರ್, ಇನ್ಮೇಲೆ ಹಾಳೆ ಕಾಲು ಗಂಟೆ ತಡವಾಗಿ ಬರುತ್ತೆ."

"ರಿಪೇರಿ ಮಾಡಿಸ್ತೀನಿ ಅಂದಿದ್ದೆಯಲ್ಲಮ್ಮಾ?"

"ಮಾಡಿಸಿದೆ ಸಾರ್. ಆದ್ರೂ ಹನ್ನೆರಡು ನಿಮಿಷ ಬೇಕೇ ಬೇಕು."

"ಕಾಲು ಗಂಟೆ ತಾನೆ, ಪರವಾಗಿಲ್ಲ. ಮೊದಲೇ ಹೇಳಬಾರದಾ?" ಅವರು ಕ್ಷಣ ಕಿವಿಗೊಟ್ಟರು. "ಅಲ್ಲಿ ಗುಂಯ್ ಅಂತಿರೋದು ಅದೇನಾ?"

"ಅದೇ ಸಾರ್."

"ತುಂಬ ಹಳೇದಾಗಿದೆ ಕಣಮ್ಮಾ. ಎಷ್ಟು ರಿಪೇರಿ ಮಾಡಿಸಿದ್ರೂ ಪ್ರಯೋಜನ ಇಲ್ಲ. ನನ್ನ ಮಾತು ಕೇಳಿ ಹೊಸದು ತಂದುಬಿಡು."

"ಆಗಲಿ ಸಾರ್," ಎಂದು ಪಿಸುಗುಟ್ಟಿದೆ. "ಈ ಸಲಹೆ ನಮ್ಮ ಯಜಮಾನರಿಗೆ ಮಾತ್ರ ಕೊಡಬೇಡಿ."