ದಕ್ಷಿಣ ಬಾಗಿಲಿನ ತರ್ಕಶಾಸ್ತ್ರ

ಕಾಲೇಜಿನಲ್ಲಿ ತರ್ಕದೋಷಗಳ ಬಗ್ಗೆ ಒಂದು ಸೆಮಿಸ್ಟರ್ ಓದಿದ್ದೆ. ದಂಡ. ಸಿಯಾಟಲ್ ಕಡೆ ಮನೆ ಹುಡುಕುವ ಕನ್ನಡಿಗರಾದರೆ ಸಾಕು, ಪಾಠಗಳು ಕಾಫಿ ಕುಡಿಯುವ ನೆಪದಲ್ಲಿ ತಾವೇ ಮನೆಗೆ ಬರುತ್ತವೆ, ಉದಾಹರಣೆ ಸಮೇತ.

೧. ಮೊದಲು ಬಾಗಿಲು, ಆಮೇಲೆ ಕೆಲಸ

ಬೆಲ್ವ್ಯೂ ಡೌನ್‌ಟೌನಿನ ಹದಿನಾಲ್ಕನೇ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ನನ್ನ ಹೆಂಡತಿ ಐದು ವರ್ಷದಿಂದ ಬಟ್ಟೆ ಇಡುವ ಕ್ಲಾಸೆಟ್‌ನಲ್ಲಿ ಕುರ್ಚಿ ಹಾಕಿಕೊಂಡು ಆಫೀಸಿನ ಮೀಟಿಂಗ್ ಮಾಡುತ್ತಾಳೆ. ಅವಳ ಹಿಂದೆ ಕಾಣುವುದು ನನ್ನ ಚಳಿಗಾಲದ ಕೋಟುಗಳು. ಅವಳಿಗೆ ಬೇಕಿದ್ದದ್ದು ಕಿಟಕಿ ಇರುವ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಒಂದು ಗುರುವಾರ ಸಮಾಮಿಶ್‌ನಲ್ಲಿ ಸಿಕ್ಕಿತು. ಮಹಡಿಯ ಮೇಲೆ, ಎದುರಿಗೆ ಎರಡು ಸೀಡರ್ ಮರ. ಕೋಣೆಯ ಸುತ್ತ ಒಂದು ಮನೆಯೂ ಇತ್ತು. ಕೊಳ್ಳುವುದಾದರೆ ಮಂಗಳವಾರ ಸಂಜೆ ಐದರೊಳಗೆ ಆಫರ್ ಕೊಡಬೇಕು. ಮುಂಬಾಗಿಲು ಮಾತ್ರ ದಕ್ಷಿಣಕ್ಕೆ.

ಶುಕ್ರವಾರ ವಿಷಯ ಕೇಳಿ ನಮ್ಮ ಆಫೀಸ್ ಟೀಮಿನ ಬಾಗಲಕೋಟೆಯವರು ಬಂದರು. ಅವರ ಪರಿಚಯದವರೊಬ್ಬರು ದಕ್ಷಿಣ ಬಾಗಿಲಿನ ಮನೆ ತೆಗೆದುಕೊಂಡು ಆರು ತಿಂಗಳೊಳಗೆ ಕೆಲಸ ಕಳೆದುಕೊಂಡರಂತೆ. ಅವರೊಬ್ಬರದೇ ಹೋಯಿತೇ ಎಂದು ಕೇಳಿದೆ. ಇಲ್ಲ, ಇಡೀ ಟೀಮನ್ನೇ ಕಂಪನಿ ಮನೆಗೆ ಕಳಿಸಿತ್ತು. ಹಾಗಾದರೆ ಉಳಿದವರ ಮನೆಗಳ ಬಾಗಿಲು ಯಾವ ದಿಕ್ಕಿಗೆ?

"ಹೋಗಿ ನೋಡಿಲ್ರಿ," ಅಂದರು. "ನೋಡಿದ್ರ ದಕ್ಷಿಣಕ್ಕ ಇರ್ತಾವ."

೨. ಹೇಳಿದವರು ಯಾರು ಗೊತ್ತಾ

ಶನಿವಾರ ತುಮಕೂರಿನಿಂದ ಅತ್ತೆಯ ವಿಡಿಯೋ ಕಾಲ್. ಅವರ ಬೀದಿಯ ನಿವೃತ್ತ ಚೀಫ್ ಇಂಜಿನಿಯರ್ ದಕ್ಷಿಣ ಬಾಗಿಲು ಬೇಡವೇ ಬೇಡ, ಆ ಮನೆಯಿಂದ ನಿಮಗೆ ಒಳ್ಳೆಯದಾಗುವುದಿಲ್ಲ ಅಂದಿದ್ದಾರೆ. ಸಾಮಾನ್ಯರಲ್ಲ, ಗೋಲ್ಡ್ ಮೆಡಲ್ ತೆಗೆದುಕೊಂಡವರು. ಎಂಥ ಮನೆಗಳನ್ನು ಕಟ್ಟಿದ್ದಾರೆ ಎಂದು ವಿಚಾರಿಸಿದೆ. ಮನೆ ಕಟ್ಟಿಲ್ಲ, ಮೂವತ್ತು ವರ್ಷ ಬರೀ ಸೇತುವೆ ಕಟ್ಟಿದ್ದಾರೆ.

ಸೇತುವೆಗೆ ಬಾಗಿಲು ಇರುವುದಿಲ್ಲವಲ್ಲ ಎಂದೆ.

"ಅದಕ್ಕೇ ಒಂದೂ ಬಿದ್ದಿಲ್ಲ," ಅಂದರು ಅತ್ತೆ.

೩. ನಿಜವಾದ ಸಂತೋಷ

ನನ್ನ ಕಡೆಯೂ ಒಂದು ಉದಾಹರಣೆ ಇತ್ತು. ಆ ಸಮಾಮಿಶ್ ಮನೆಯ ರಸ್ತೆಯಲ್ಲೇ ಹಾಸನದ ಕುಟುಂಬವೊಂದು ದಕ್ಷಿಣ ಬಾಗಿಲಿನ ಮನೆಯಲ್ಲಿ ಹತ್ತು ವರ್ಷದಿಂದ ಸುಖವಾಗಿದೆ. ಹೆಂಡತಿಗೆ ಅವರ ಫೋಟೋ ತೋರಿಸಿದೆ. ಬೀಚಿನಲ್ಲಿ ನಗು, ಹಿಮದಲ್ಲಿ ನಗು, ದೀಪಾವಳಿಗೆ ನಾಲ್ವರೂ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ನಗು.

ಅವಳು ಎಲ್ಲವನ್ನೂ ನಿಧಾನವಾಗಿ ನೋಡಿದಳು. "ನಿಜವಾಗಿ ಖುಷಿಯಾಗಿರೋರು ಇಷ್ಟೊಂದು ಫೋಟೋ ಹಾಕಲ್ಲ."

೪. ಪುರಾವೆ

ಭಾನುವಾರ ನನಗೊಂದು ಉಪಾಯ ಹೊಳೆಯಿತು. ಫೋನಿನ ದಿಕ್ಸೂಚಿ ತೆಗೆದು ನಮ್ಮ ಈಗಿನ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ನಿಂತೆ. ಪಕ್ಕಾ ದಕ್ಷಿಣ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಐದು ವರ್ಷ ಇದೇ ಬಾಗಿಲಲ್ಲಿ ಓಡಾಡಿದ್ದೇವೆ, ಏನಾಗಿದೆ ಎಂದು ಕೇಳಿದೆ. ಇಂಥ ಪುರಾವೆಯ ಎದುರು ಯಾರಾದರೂ ಸುಮ್ಮನಾಗಲೇಬೇಕು.

ಅವಳು ದಿಕ್ಸೂಚಿ ನೋಡಿದಳು, ಬಾಗಿಲು ನೋಡಿದಳು, ಆಮೇಲೆ ನನ್ನನ್ನು.

"ಏನಾಗಿದೆಯಾ? ಐದು ವರ್ಷದಿಂದ ಕ್ಲಾಸೆಟ್‌ನಲ್ಲಿ ಕೂತಿದೀನಿ."

೫. ಸಾಬೀತು ಮಾಡಬೇಕಾದವರು ಯಾರು

ಮಂಗಳವಾರ ನಾಲ್ಕೂವರೆಗೆ ಎಲ್ಲ ಕಾಗದ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿತ್ತು, ಅವಳ ಸಹಿಯೊಂದು ಬಾಕಿ. ಆ ಕೋಣೆಯ ಫೋಟೋವನ್ನು ಇನ್ನೊಮ್ಮೆ ತೆರೆದು ನೋಡಿದಳು. ಆಸೆ ಇತ್ತು, ಭಯವೂ ಇತ್ತು. ನಾಳೆ ಯಾರಿಗಾದರೂ ಜ್ವರ ಬಂದರೂ ಅಮ್ಮ ತನ್ನನ್ನೇ ಅನ್ನುತ್ತಾರೆ ಎಂದಳು.

"ಏನೂ ಆಗಲ್ಲ," ಅಂದೆ.

"ಏನೂ ಆಗಲ್ಲ ಅಂತ ಪ್ರೂವ್ ಮಾಡು. ಈಗಲೇ ಸೈನ್ ಮಾಡ್ತೀನಿ."

ಇಷ್ಟು ಶುದ್ಧವಾದ ತರ್ಕದೋಷ ಸುಲಭಕ್ಕೆ ಸಿಗುವುದಿಲ್ಲ. ಬಾಗಿಲಿನಿಂದ ಕೆಡುಕಾಗುತ್ತದೆ ಎನ್ನುವವರು ಅದನ್ನು ಸಾಬೀತು ಮಾಡಬೇಕೇ ಹೊರತು ಆಗುವುದಿಲ್ಲ ಎನ್ನುವವನಲ್ಲ ಎಂಬುದನ್ನು ಮೊದಲಿನಿಂದ, ಬಿಡಿಸಿ, ಮೂರು ಉದಾಹರಣೆ ಕೊಟ್ಟು ವಿವರಿಸಿದೆ. ಕೊನೆಗೆ ಅವಳು ಒಪ್ಪಿ ತಲೆಯಾಡಿಸಿದಳು.

ಆಗ ಐದು ಗಂಟೆ ಹತ್ತು ನಿಮಿಷ.

೬. ಬಾಗಿಲು ಅಂದರೆ ಯಾವುದು

ಎರಡು ತಿಂಗಳಾದ ಮೇಲೆ ಬಾಗಲಕೋಟೆಯವರು ಗೃಹಪ್ರವೇಶಕ್ಕೆ ಕರೆದರು. ವಾಟ್ಸಾಪ್ ಆಮಂತ್ರಣದಲ್ಲಿ ಮೇಲೆ ಗಣಪತಿ, ಕೆಳಗೆ ವಿಳಾಸ. ವಿಳಾಸ ನಮಗಿಬ್ಬರಿಗೂ ಬಾಯಿಪಾಠ.

ಹೋದೆವು. ಮುಂಬಾಗಿಲಿಗೆ ಬೀಗ, ಅದರ ಮುಂದೆ ಇಬ್ಬರು ಸೇರಿ ಎತ್ತಬೇಕಾದಂಥ ಹೂಕುಂಡ. ಜನರೆಲ್ಲ ಪಕ್ಕದಲ್ಲಿ, ಗ್ಯಾರೇಜಿನ ಎದುರು ನಿಂತಿದ್ದರು. ಮೂಲೆಮನೆ, ಗ್ಯಾರೇಜಿನ ಮುಖ ಪೂರ್ವಕ್ಕೆ. ಅದರ ಮೇಲೆ ಮಾವಿನ ತೋರಣ. ಪುರೋಹಿತರು ಗ್ಯಾರೇಜಿನ ರಿಮೋಟಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಮುಹೂರ್ತ ನೋಡಿ ಬಟನ್ ಒತ್ತಿದರು. ಬಾಗಿಲು ಗಡಗಡ ಮೇಲೇರಿತು. ದಂಪತಿ ಕಲಶ ಹಿಡಿದು, ಬಲಗಾಲಿಟ್ಟು, ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಿಂದ ಮನೆ ತುಂಬಿದರು.

ಊಟದ ಹೊತ್ತಿಗೆ ಬಾಗಲಕೋಟೆಯವರನ್ನು ಹಿಡಿದು, ದಕ್ಷಿಣ ಬಾಗಿಲಿನ ಕಥೆ ಏನಾಯಿತು ಎಂದೆ.

"ಬಾಗಿಲು ಅಂದ್ರ ಏನ್ರಿ?" ಅಂದರು. "ದಿನಾ ಹೊಕ್ಕು ಬರೂದು ಬಾಗಿಲು. ಈ ಊರಾಗ ಎಲ್ಲಾರೂ ಕಾರಿನ್ಯಾಗ ಕುಂತು ಗ್ಯಾರೇಜಿನ್ಯಾಗ ಹೊಕ್ಕಾರ. ಮುಂದಿನದು ಪಾರ್ಸಲ್ ಬಂದಾಗಷ್ಟ ತಗೀತಾರ."

ಇಷ್ಟು ದಿನದಲ್ಲಿ ನನಗೆ ದೋಷ ಸಿಗದ ವಾದ ಇದೊಂದೇ. ಇದನ್ನು ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮಂಗಳವಾರ ನಾಕಕ್ಕ ಹೊಳೀತ್ರಿ. ಟೈಮ್ ಎಲ್ಲಿತ್ತು?"

ಹೆಂಡತಿ ಅಷ್ಟರಲ್ಲಿ ಮಹಡಿಗೆ ಹೋಗಿ ಆ ಕೋಣೆ ನೋಡಿ ಬಂದಿದ್ದಳು. ಅಲ್ಲಿ ಟ್ರೆಡ್‌ಮಿಲ್ ಇಡುತ್ತಾರಂತೆ. ಹೋಳಿಗೆ ಮುಗಿಸಿ, ಎಲ್ಲರಿಗೂ ನಗುತ್ತಲೇ ಹೇಳಿ ಹೊರಟಳು. ಕಾರಿನಲ್ಲಿ ಕೂತ ಮೇಲೆ ಆ ಕಿಟಕಿಯನ್ನೂ ಸೀಡರ್ ಮರಗಳನ್ನೂ ಒಂದು ನಿಮಿಷ ನೋಡಿದಳು. ಸಮಾಧಾನ ಹೇಳೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಅಮ್ಮ ಹೇಳಿದ್ದೇ ಸರಿ. ಈ ಮನೆಯಿಂದ ನಮಗೆ ಒಳ್ಳೇದಾಗಲ್ಲ ಅಂದಿದ್ರು. ಆಯ್ತಾ?"