ಅಡ್ಮಿನಿಸ್ಟ್ರೇಷನ್‌ಗೆ ಹೋದ ಓವನ್

ನಾನು ಅನುಮಾನದ ಮನುಷ್ಯ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿಗೆ ಬೀಗ ಹಾಕಿದ ಮೇಲೆ ಹಿಡಿಕೆ ಎಳೆದು ನೋಡುತ್ತೇನೆ. ಲಿಫ್ಟಿನ ತನಕ ಹೋದವನು ವಾಪಸು ಬಂದು ಇನ್ನೊಮ್ಮೆ ಎಳೆಯುತ್ತೇನೆ. ಪಕ್ಕದ ಮನೆಯವರು ಬಿರಿಯಾನಿ ಕೊಟ್ಟರೆ ತಿನ್ನುತ್ತೇನೆ, ಆದರೆ ಇವರಿಗೆ ನಮ್ಮಿಂದ ಏನೋ ಕೆಲಸ ಆಗಬೇಕಾಗಿದೆ ಎಂದು ಯೋಚಿಸುತ್ತಲೇ ತಿನ್ನುತ್ತೇನೆ. "ನಿಮಗೆ ನಿಮ್ಮ ನೆರಳಿನ ಮೇಲೂ ಡೌಟು" ಎಂದು ಹೆಂಡತಿ ಶಶಿಕಲಾ ಮೂದಲಿಸುತ್ತಾಳೆ. ಅವಳು ಅಷ್ಟು ಧೈರ್ಯವಾಗಿ ಮೂದಲಿಸುವುದರ ಹಿಂದೆ ಏನಿದೆಯೋ, ಅದನ್ನೂ ನೋಡಬೇಕು.

ಇಂಥ ನಾನು ಅರ್ದಿಯಾದಲ್ಲಿ, ಹೋಟೆಲು ಬೇಕರಿಗಳಿಗೆ ಹೊರದೇಶದಿಂದ ಯಂತ್ರ ತರಿಸಿಕೊಡುವ ಒಂದು ಕಂಪನಿಯಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಎಲ್ಲ ಕರಾರುಗಳ ಕೊನೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ: ತಕರಾರು ಬಂದರೆ ಇಂಗ್ಲಿಷ್ ಕಾನೂನು ಅನ್ವಯಿಸುತ್ತದೆ. ಕಫೀಲ್, ಅಂದರೆ ನಮ್ಮ ವೀಸಾದ ಧಣಿ, ಕುವೈತಿನವರು, ಮ್ಯಾನೇಜರ್ ಈಜಿಪ್ಟಿನವರು, ನಾನು ಬಂಟ್ವಾಳದವನು. ನಮ್ಮ ನಡುವೆ ಲಂಡನ್ನಿನ ಕಾನೂನಿಗೆ ಏನು ಕೆಲಸ? ಮುಂಬಾಗಿಲಿನಿಂದ ಹೋದವರು ಹಿಂಬಾಗಿಲಿನಿಂದ ಬಂದು ಕೂತಿದ್ದಾರೆ ಎಂದು ನನಗೆ ಮೊದಲ ದಿನವೇ ಗುಮಾನಿ.

ಈ ಕತೆಯಲ್ಲಿ ಓವನ್ ಬೇಕಾಗಿದ್ದುದು ಹಮೀದಾಕನಿಗೆ. ಅವರು ನಮ್ಮ ಕಡೆಯ ಬ್ಯಾರಿ. ಫರ್ವಾನಿಯಾದಲ್ಲಿ ವರ್ಷಗಟ್ಟಲೆ ಇನ್ನೊಬ್ಬರ ಬೇಕರಿಯಲ್ಲಿ ಬನ್ನು, ರಸ್ಕು ಸುಟ್ಟವರು. ಈಗ ಅದೇ ಬೀದಿಯಲ್ಲಿ ಸ್ವಂತ ಅಂಗಡಿ ಹಿಡಿದಿದ್ದರು. ಲೈಸೆನ್ಸ್ ಆಗಿತ್ತು, ಹೆಂಡತಿ ನಫೀಸಾಳ ಹೆಸರಿನ ಬೋರ್ಡು ಏರಿತ್ತು, ಹಳೆಯ ಕೆಲಸ ಬಿಟ್ಟೂ ಆಗಿತ್ತು. ಓವನ್ ಬಂದರೆ ಬೇಕರಿ, ಇಲ್ಲವಾದರೆ ಖಾಲಿ ಕೋಣೆ. ನಾನು ಹೇಳಿದೆನೆಂದೇ ಅವರು ಪೂರ್ತಿ ದುಡ್ಡು ಮೊದಲೇ ಕಟ್ಟಿ ಇಂಗ್ಲೆಂಡಿನ ಓವನ್ ಆರ್ಡರ್ ಮಾಡಿಸಿದ್ದು. ಓವನ್ನಿನ ಬಾಗಿಲ ಮೇಲೆ 'ನಫೀಸಾ ಬೇಕರಿ' ಎಂದು ಹಿತ್ತಾಳೆಯ ಫಲಕವನ್ನೂ ಕೂರಿಸಲು ಹೇಳಿದ್ದರು.

ಓವನ್ ತಯಾರಾಗಿದೆ ಎಂಬ ಸುದ್ದಿ ಬಂತು. ಅದರ ಬೆನ್ನಿಗೇ ಇನ್ನೊಂದು ಇಮೇಲ್: ಓವನ್ ಮಾಡುವ ಕಂಪನಿ ಅಡ್ಮಿನಿಸ್ಟ್ರೇಷನ್‌ಗೆ ಹೋಗಿದೆ.

ನೀವೇ ಹೇಳಿ, ಕುವೈತಿನಲ್ಲಿ ಕೆಲಸ ಮಾಡುವವನಿಗೆ ಅಡ್ಮಿನಿಸ್ಟ್ರೇಷನ್ ಅಂದರೆ ಏನು? ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣ ಅಡ್ಮಿನಿಸ್ಟ್ರೇಷನ್‌ಗೆ ಹೋಗುತ್ತದೆ, ರಜೆಯ ಅರ್ಜಿ ಅಡ್ಮಿನಿಸ್ಟ್ರೇಷನ್‌ಗೆ ಹೋಗುತ್ತದೆ. ಹೋದದ್ದು ಅಲ್ಲಿ ಮಲಗುತ್ತದೆ. ನಾವು ದಿನಾ ಹೋಗಿ ಸಲಾಂ ಹೇಳಬೇಕು, ಅವರು "ಬುಕ್ರಾ" ಅಂದರೆ ನಾಳೆ ಎನ್ನಬೇಕು, ಕೊನೆಗೊಂದು ದಿನ ಅದು ಮೊಹರು ಹಾಕಿಸಿಕೊಂಡು ಎದ್ದು ಬರುತ್ತದೆ. ಹಾಲಿನ ಪ್ಯಾಕೆಟ್ಟಿನ ತಾರೀಕನ್ನೂ ನಂಬದ ನಾನು ಆ ಪದವನ್ನು ಮಾತ್ರ ಕಣ್ಣು ಮುಚ್ಚಿ ನಂಬಿಬಿಟ್ಟೆ.

ಹಮೀದಾಕ ಫೋನ್ ಮಾಡಿದರು. "ಎಂತ ಶೆಟ್ರೆ, ಓವನ್ ಎಲ್ಲಿಗೆ ಎತ್ತಿತು?"

"ಅಡ್ಮಿನಿಸ್ಟ್ರೇಷನ್‌ಗೆ ಹೋಗಿದೆ ಹಮೀದಾಕ. ಇನ್ನೆಂತ, ಒಂದು ಸೈನ್ ಬಾಕಿ. ನೀವು ಮಂಡೆಬಿಸಿ ಮಾಡ್ಬೇಡಿ."

"ಆಯ್ತು ಮಾರಾಯ್ರೆ, ನೀವು ಹೇಳಿದ ಮೇಲೆ ಮುಗೀತು" ಎಂದು ಇಟ್ಟುಬಿಟ್ಟರು.

ಅಂದಿನಿಂದ ಇಂಗ್ಲೆಂಡಿನ ಆ ಅಡ್ಮಿನಿಸ್ಟ್ರೇಟರ್ ಎಂಬ ಪುಣ್ಯಾತ್ಮನಿಗೆ ಬೆಳಿಗ್ಗೆ ಚಹಾದ ಜೊತೆ ಒಂದು ಇಮೇಲ್ ಹಾಕುವುದು ರೂಢಿಯಾಯಿತು. ತಾವು ಕ್ಷೇಮವೇ, ನಮ್ಮ ಓವನ್ ಹಿತ್ತಾಳೆ ಫಲಕದ್ದು, ಬೇರೆಯವರದರ ಜೊತೆ ಕಲಸಬೇಡಿ, ದಯವಿಟ್ಟು ಬೇಗ ಸೈನ್ ಮಾಡಿಸಿ. ಒಂದು ಹಬ್ಬಕ್ಕೆ ಶುಭಾಶಯವನ್ನೂ ಕಳಿಸಿದೆ.

ಹೀಗಿರುವಾಗ ಮ್ಯಾನೇಜರ್ ನನ್ನನ್ನು ಕರೆದು, "ಶೆಟ್ಟಿ, ಯಲ್ಲಾ, ಬೇಗ ಬಾ, ಇದನ್ನು ನೀನೇ ಕೂತು ಕೇಳು" ಎಂದು ಒಂದು ಆನ್‌ಲೈನ್ ಉಪನ್ಯಾಸಕ್ಕೆ ಕೂರಿಸಿದರು. ದಿವಾಳಿ, ಟ್ರಸ್ಟ್, ದತ್ತಿ, ವ್ಯಾಪಾರ ಈ ನಾಲ್ಕರಲ್ಲಿ ಇಂಗ್ಲಿಷ್ ಕಾನೂನಿನ ಇತ್ತೀಚಿನ ಬೆಳವಣಿಗೆಗಳು. ಬದುಕಿದವರ ವ್ಯಾಪಾರ, ಸತ್ತವರ ದತ್ತಿ ಎರಡನ್ನೂ ಒಂದೇ ಗಂಟೆಯಲ್ಲಿ ಮುಗಿಸುವವರನ್ನು ನಂಬಬಾರದೆಂದುಕೊಂಡು ಅರೆಕಣ್ಣು ಮುಚ್ಚಿ ಕೂತೆ. ಅಷ್ಟರಲ್ಲಿ ಉಪನ್ಯಾಸ ಕೊಡುತ್ತಿದ್ದ ವಕೀಲೆ ಹೇಳಿದಳು: ಸಾಲಕ್ಕೆ ಸಿಕ್ಕಿ ಮುಳುಗುವ ಕಂಪನಿಯ ಆಡಳಿತವನ್ನು ಹೊರಗಿನವರ ಕೈಗೆ ಒಪ್ಪಿಸುವುದಕ್ಕೇ ಅಡ್ಮಿನಿಸ್ಟ್ರೇಷನ್ ಅನ್ನುತ್ತಾರೆ.

ನನ್ನ ಜೀವ ಬಾಯಿಗೆ ಬಂತು. ಅಯ್ಯೋ ದೇವರೇ, ನಾನು ಹಬ್ಬದ ಶುಭಾಶಯ ಕಳಿಸಿದ್ದು ಸಾವಿನ ಮನೆಗೆ! ಮುಂದೆ ಅವಳು ಟ್ರಸ್ಟ್ ಬಗ್ಗೆ ಏನು ಹೇಳಿದಳೋ ಒಂದಕ್ಷರ ಕಿವಿಗೆ ಬೀಳಲಿಲ್ಲ. ಹಮೀದಾಕನ ಖಾಲಿ ಅಂಗಡಿ ಕಣ್ಣ ಮುಂದೆ ನಿಂತಿತ್ತು. ಹೆದರಿಕೆಯಾಯಿತು, ನಿಜವಾಗಿಯೂ ಹೆದರಿಕೆಯಾಯಿತು.

ಆ ವಾರವೇ ಉತ್ತರ ಬಂತು. ನಿಮ್ಮ ಓವನ್ನನ್ನು ಟ್ರಸ್ಟ್‌ನಲ್ಲಿ ಇಡಲಾಗಿದೆ ಎಂದಿತ್ತು. ಟ್ರಸ್ಟ್! ನಮ್ಮೂರಲ್ಲಿ ಟ್ರಸ್ಟ್ ಎಂದರೆ ಶಾಲೆ, ಅನಾಥಾಲಯ, ರಸೀದಿ ಪುಸ್ತಕ ಹಿಡಿದು ಬರುವ ಬಿಳಿ ಅಂಗಿಯವರು. ದಿವಾಳಿಯೆದ್ದವರು ಹೋಗುವಾಗ ಪುಣ್ಯ ಕಟ್ಟಿಕೊಳ್ಳಲು ನಮ್ಮ ಓವನ್ನನ್ನು ದಾನ ಮಾಡಿಬಿಟ್ಟರು ಎಂದು ಕೂಗಾಡಿದೆ. ಶಶಿಕಲಾ ಚಪಾತಿ ಮಗುಚುತ್ತ, "ಹೋಗ್ಲಿ ಬಿಡಿ, ಮಕ್ಕಳು ಬನ್ನು ತಿಂತಾವೆ" ಎಂದಳು. ನಾನು ಅಲ್ಲೇ ಕೂತು ಇಮೇಲ್ ಬರೆದೆ: ನಾವು ಯಾವ ಟ್ರಸ್ಟಿಗೂ ಏನನ್ನೂ ದಾನ ಮಾಡಿಲ್ಲ, ನಫೀಸಾ ಬೇಕರಿ ಧರ್ಮಛತ್ರವಲ್ಲ.

ಅದಕ್ಕೆ ಬಂದ ಉತ್ತರ ಬಹಳ ಸಮಾಧಾನದ್ದು. ಟ್ರಸ್ಟ್ ಎಂದರೆ ಅದು ನಿಮ್ಮದೇ, ನಿಮ್ಮ ಪರವಾಗಿ ನಮ್ಮಲ್ಲಿದೆ, ಅಷ್ಟೆ. ಫಲಕದ ವಿಷಯ ನೀವು ದಿನಾ ಬರೆದಿದ್ದರಿಂದ ಅದನ್ನು ಮೊದಲೇ ಬದಿಗೆ ಎತ್ತಿಟ್ಟೆವು. ದಯವಿಟ್ಟು ಒಯ್ಯಿರಿ, ದಯವಿಟ್ಟು ಇನ್ನು ಬರೆಯಬೇಡಿ.

ಓವನ್ ಬಂತು. ಅಂಗಡಿ ತೆರೆದ ದಿನ ಹಮೀದಾಕ ನನ್ನನ್ನು ಮೂಲೆಗೆ ಕರೆದು ಬಿಸಿ ಬನ್ನು ಕೈಗಿಟ್ಟರು. "ಒಂದು ಮಾತು ಹೇಳ್ತೇನೆ ಶೆಟ್ರೆ. ಆ ಕಂಪನಿ ಮುಳುಗಿದ್ದು ನಂಗೆ ಮೊದಲೇ ಗೊತ್ತಿತ್ತು, ದುಬೈಯಲ್ಲಿರುವ ಅಳಿಯ ಹೇಳಿದ್ದ. ಖಲಾಸ್, ಎಲ್ಲ ಹೋಯ್ತು ಅಂತ ನಿಮಗೆ ಫೋನ್ ಮಾಡಿದ್ದು. ನೀವು ಆರಾಮ ಇದ್ರಿ. ಇಡೀ ಕುವೈತಲ್ಲಿ ಯಾರನ್ನೂ ನಂಬದ ಮನುಷ್ಯ ನೀವು. ನೀವೇ ಮಂಡೆಬಿಸಿ ಬೇಡ ಅಂದ ಮೇಲೆ ನಾನ್ಯಾಕೆ ಹೆದರ್ಲಿ? ಆ ರಾತ್ರಿ ಒಳ್ಳೆ ನಿದ್ದೆ ಮಾಡಿದೆ."

ಬನ್ನನ್ನು ಅಲ್ಲೇ ಕೆಳಗಿಟ್ಟೆ. ನಿಜ ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಭುಜದ ಮೇಲೆ ಕೈಯಿಟ್ಟು, ಮಂಗಾಫಿನಲ್ಲಿ ಇನ್ನೊಂದು ಅಂಗಡಿ ನೋಡಿದ್ದೇನೆ, ಕಾಗದಪತ್ರ ಏನೂ ಓದಲಿಲ್ಲ, ನೀವು ಒಮ್ಮೆ ಹ್ಞೂಂ ಅಂದರೆ ಸಾಕು ಎಂದರು. ನಾನು ಬಾಯಿ ಮುಚ್ಚಿಕೊಂಡೆ. ಜನ್ಮದಲ್ಲಿ ಅಷ್ಟೊಂದು ಅನುಮಾನ ನನಗೆ ಯಾರ ಮೇಲೂ ಬಂದಿರಲಿಲ್ಲ. ಬಂದದ್ದು ನನ್ನ ಮೇಲೆ.