ಹಳೇ ಪೇಪರ್ ಹುಡುಕಿಕೊಂಡು ಬಂದವರು

ನಮ್ಮ ಆಫೀಸಿಗೆ ಇವತ್ತಿನ ಪೇಪರ್ ಕೇಳಿಕೊಂಡು ಬರುವವರು ಕಡಿಮೆ, ಹಳೇದು ಕೇಳಿಕೊಂಡು ಬರುವವರೇ ಜಾಸ್ತಿ. ಚಾಮರಾಜನಗರದ ಒಂದು ಪುಟ್ಟ ದಿನಪತ್ರಿಕೆಯಲ್ಲಿ ಹಳೇ ಸಂಚಿಕೆಗಳ ಕಟ್ಟು ಕಾಯುವುದು ನನ್ನ ಕೆಲಸ. ಸಂಬಳ ಅಷ್ಟಕ್ಕಷ್ಟೆ. ನಗುವಿಗೆ ಮಾತ್ರ ಬರವಿಲ್ಲ.

ಅಧ್ಯಕ್ಷರ ಫೋಟೋ

ಒಂದು ಸಂಘದ ಅಧ್ಯಕ್ಷರಿಗೆ ಸನ್ಮಾನವಾದಾಗಲೆಲ್ಲ ನಾವು ಹಾಕುತ್ತಿದ್ದದ್ದು ಒಂದೇ ಫೋಟೋ, ತಲೆ ತುಂಬ ಕರಿಗೂದಲಿದ್ದ ಕಾಲದ್ದು. ಹೊಸ ವರದಿಗಾರ ಹುಮ್ಮಸ್ಸಿನಲ್ಲಿ ಈಗಿನ ಫೋಟೋ ಹಾಕಿಬಿಟ್ಟ. ಕೊರಳಲ್ಲಿ ಹಾರ ಬೇರೆ. ಬೆಳಿಗ್ಗೆ ಅವರ ಮನೆ ಮುಂದೆ ನೆಂಟರೆಲ್ಲ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರಂತೆ.

ಮಧ್ಯಾಹ್ನ ಅಧ್ಯಕ್ಷರೇ ಬಂದರು. "ಆ ಹಳೇ ಫೋಟೋನೇ ಹಾಕ್ರಪ್ಪ. ನಾನು ಸತ್ತಾಗ್ಲೂ ಅದ್ನೇ ಹಾಕಿ. ಇಲ್ದಿದ್ರೆ ಯಾರೋ ಮುದ್ಕ ಸತ್ತ ಅನ್ಕತಾರೆ."

ಒಂದೇ ಬೈಕು

ಗುಂಡ್ಲುಪೇಟೆ ಕಡೆಯ ಅಣ್ಣತಮ್ಮಂದಿರು. ಹೊಲಕ್ಕೆ ಹೋಗುವ ದಾರಿಗಾಗಿ ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡು ವರ್ಷಗಟ್ಟಲೆ ಕೋರ್ಟಿಗೆ ಅಲೆಯುತ್ತಿದ್ದರು. ಒಂದು ದಿನ ಆ ಕೇಸಿನ ಹಳೇ ಸುದ್ದಿ ಹುಡುಕಿಸಲು ಇಬ್ಬರೂ ಬಂದರು. ಅಣ್ಣ ಒಂದು ಮೂಲೆ, ತಮ್ಮ ಇನ್ನೊಂದು ಮೂಲೆ, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಡುವಾಗ ನೋಡಿದರೆ ತಮ್ಮ ಬೈಕ್ ಹೊಡೆಯುತ್ತಿದ್ದಾನೆ, ಅಣ್ಣ ಹಿಂದೆ ಕೂತು ಅವನ ಹೆಗಲು ಹಿಡಿದಿದ್ದಾನೆ!

"ಇದೇನ್ರಪ್ಪಾ?" ಅಂದೆ.

"ಜಗಳ ಹೊಲದ್ ದಾರೀದು ಸಾ," ಅಂದ ಅಣ್ಣ. "ಟಾರ್ ರೋಡ್ದಲ್ಲ."

ಬೀಗರ ಬೇಸರ

ಹಂಗಳದ ರೈತನೊಬ್ಬ ಅರಿಶಿನ ದಲ್ಲಾಳಿಗೆ ಹೊಡೆದ ಅಂತ ಬಂಧನವಾದಾಗ ನಾವು ಮುಖಪುಟದಲ್ಲಿ ಫೋಟೋ ಸಮೇತ ಹಾಕಿದ್ದೆವು. ಖುಲಾಸೆಯಾದಾಗ ಒಳಪುಟದಲ್ಲಿ, ಟೈಲರಿಂಗ್ ಕ್ಲಾಸಿನ ಜಾಹೀರಾತಿನ ಕೆಳಗೆ ನಾಲ್ಕು ಸಾಲು. ಈಗ ಮಗಳಿಗೆ ಗಂಡು ಗೊತ್ತಾಗಿದೆ. ಗಂಡಿನ ತಂದೆಯ ಕೈಗೆ ಯಾರೋ ಆ ಮುಖಪುಟ ಕೊಟ್ಟಿದ್ದಾರೆ. ಸಂಬಂಧ ಮುರಿದು ಬೀಳುತ್ತದೆ ಅಂತ ಹೆದರಿದ ರೈತ, ಆ ಬೀಗರನ್ನೇ ನಮ್ಮ ಆಫೀಸಿಗೆ ಕರೆತಂದ. ಅವನ ಮುಖ ನೋಡಿ ಪಾಪ ಅನ್ನಿಸಿತು. ಕಟ್ಟು ಬಿಚ್ಚಿ, ಒಳಪುಟ ತೆಗೆದು ಗಟ್ಟಿಯಾಗಿ ಓದಿದೆ: "ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿ ಖುಲಾಸೆ."

ರೈತ ಉಸಿರು ಬಿಟ್ಟ. ಬೀಗರ ಮುಖ ಮಾತ್ರ ಬಾಡಿಹೋಯಿತು.

"ಅಂಗಾರೆ ನೀವು ಹೊಡಿನೇ ಇಲ್ವಾ?"

"ಯಾಕ್ ಬೀಗ್ರೆ?"

"ಅಯ್ಯೋ, ಆ ದಲ್ಲಾಳಿ ನಂಗೂ ತೂಕದಲ್ಲಿ ಟೋಪಿ ಹಾಕವ್ನೆ. ಅವ್ನಿಗ್ ಎರಡೇಟು ಬುಟ್ಟವ್ರ ಮನೆ ಹೆಣ್ಣು ಅಂತ ಕೇಳಿ, ತಂದ್ರೆ ಇಂಥಾ ಮನೇಲೇ ತರ್ಬೇಕು ಅಂದ್ಕಂಡಿದ್ದೆ. ನೀವ್ ನೋಡುದ್ರೆ..."

ರೈತ ಗಾಬರಿಯಿಂದ ನನ್ನ ಕೈಯಲ್ಲಿದ್ದ ಪೇಪರ್ ಕಿತ್ತುಕೊಂಡು ಬೀಗರ ಮುಂದೆ ಹಿಡಿದ.

"ಸರ್ಯಾಗ್ ನೋಡಿ ಬೀಗ್ರೆ! ಸಾಕ್ಷಿ ಸಾಲ್ದು ಅಂತ ಬರ್ದವ್ರೆ. ಹೊಡಿಲಿಲ್ಲ ಅಂತ ಎಲ್ ಬರ್ದವ್ರೆ?"